ಚರ್ಚಿನ ಪುಟ್ಟ ಶಾಲೆಗೆ ಮಗಳನ್ನು ಸೇರಿಸುವ ಮೊದಲು

ಪ್ರಶ್ನೆ: ನಾವು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಿನ ಹಳ್ಳಿಯವರು. ಸ್ವಲ್ಪ ಅಡಿಕೆ ತೋಟ ಇದೆ. ಮಗಳು ಅಂಗನವಾಡಿಗೆ ಹೋಗುತ್ತಿದ್ದಾಳೆ. ಬರುವ ಜೂನ್ ಒಂದಕ್ಕೆ ಅವಳಿಗೆ 5 ವರ್ಷ 10 ತಿಂಗಳು. ಮನೆಯಿಂದ ಒಂದು ಕಿಲೋಮೀಟರ್ ದೂರದಲ್ಲಿ ಸರ್ಕಾರಿ ಶಾಲೆ ಇದೆ. ನಾಲ್ಕು ಕಿಲೋಮೀಟರ್ ದೂರದಲ್ಲಿ ಚರ್ಚಿನವರ ಶಾಲೆ ಇದೆ. ಅಲ್ಲಿ ಯುಕೆಜಿ ಇದೆ, ಆಮೇಲೆ ಒಂದರಿಂದ ಐದನೇ ತರಗತಿ, ಆ ಐದು ತರಗತಿಗೆ ಒಟ್ಟು 62 ಮಕ್ಕಳು. ಇಂಗ್ಲಿಷ್ ಮೀಡಿಯಂ ಅನ್ನುತ್ತಾರೆ. ಪೇಟೆಯ ದೊಡ್ಡ ಶಾಲೆಯ ಬಸ್ಸೂ ನಮ್ಮ ಊರಿಗೆ ಬರುತ್ತದೆ, ಆದರೆ ಅದು 14 ಕಿಲೋಮೀಟರ್. ನಮಗೆ ಚರ್ಚಿನ ಶಾಲೆಯ ಮೇಲೆ ಮನಸ್ಸು. ನಾವು ಹಿಂದೂಗಳು, ಸೀಟು ಕೊಡುತ್ತಾರಾ? ಆರ್‌ಟಿಇಯಲ್ಲಿ (ಶಿಕ್ಷಣ ಹಕ್ಕು ಕಾಯ್ದೆಯಲ್ಲಿ) ಉಚಿತ ಸೀಟು ಸಿಗುತ್ತದಾ? ಮಗುವಿಗೆ ಅವರ ಪ್ರಾರ್ಥನೆ ಹೇಳಿಸುತ್ತಾರೆ ಎಂದು ಅತ್ತೆಗೆ ಬೇಸರ. ಇಷ್ಟು ಕಡಿಮೆ ಮಕ್ಕಳಿರುವ ಶಾಲೆ ಒಳ್ಳೆಯದಾ?

ಉತ್ತರ: ಸೀಟಿನ ಚಿಂತೆ ಮೊದಲು ಬಿಟ್ಟುಬಿಡಿ. ಐದು ತರಗತಿಗೆ 62 ಮಕ್ಕಳು ಅಂದರೆ ತರಗತಿಗೆ ಹನ್ನೆರಡೋ ಹದಿಮೂರೋ. ಅಂಥ ಶಾಲೆಗೆ ನಿಮ್ಮ ಮಗಳು ಬೇಕೇ ಬೇಕು. ಮಲೆನಾಡಿನ ಹಳ್ಳಿಗಳಲ್ಲಿ ಚರ್ಚಿನ ಶಾಲೆಗಳು ನಡೆಯುತ್ತಿರುವುದೇ ಸುತ್ತಮುತ್ತಲಿನ ಎಲ್ಲ ಜಾತಿ, ಧರ್ಮದ ಮನೆಗಳ ಮಕ್ಕಳಿಂದ. ಊರಿಗೆ ನಾಲ್ಕಾರು ಕ್ರೈಸ್ತರ ಮನೆ ಇರುವ ಕಡೆ ಬರೀ ಅವರ ಮಕ್ಕಳನ್ನು ನಂಬಿ ಶಾಲೆ ನಡೆಸಲು ಆಗುವುದಿಲ್ಲ ಅಲ್ವಾ?

ಸೀಟಿಗಿಂತ ಅರ್ಜಿ ಜಾಸ್ತಿ ಬಂದಾಗ ಮಾತ್ರ ಯಾರಿಗೆ ಮೊದಲು ಅನ್ನುವ ಪ್ರಶ್ನೆ ಏಳುತ್ತದೆ. ಆಗ ಸಾಮಾನ್ಯವಾಗಿ ಆ ಚರ್ಚಿಗೆ ಸೇರಿದ ಮನೆಗಳ ಮಕ್ಕಳು, ಆಗಲೇ ಓದುತ್ತಿರುವವರ ತಮ್ಮ ತಂಗಿಯರು, ಶಾಲೆಯ ಸಿಬ್ಬಂದಿಯ ಮಕ್ಕಳು ಮೊದಲು ಬರುತ್ತಾರೆ. ತಮ್ಮ ಸಮುದಾಯದ ಮಕ್ಕಳಿಗೆ ಮೊದಲ ಜಾಗ ಕೊಡಲು ಅವರಿಗೆ ಹಕ್ಕಿದೆ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. ಅದರ ಜೊತೆಗೇ 29ನೇ ವಿಧಿಯಲ್ಲಿ ಇನ್ನೊಂದು ಮಾತಿದೆ. ಸರ್ಕಾರದ ಅನುದಾನ ಪಡೆಯುವ ಶಾಲೆ ಕೇವಲ ಧರ್ಮ, ಜಾತಿ, ಭಾಷೆಯ ಕಾರಣಕ್ಕೆ ಯಾರಿಗೂ ಪ್ರವೇಶ ನಿರಾಕರಿಸುವ ಹಾಗಿಲ್ಲ. ನೀವು ಹೋಗಿ ಕೇಳಬೇಕಾದ್ದು ಇಷ್ಟೇ: ಈ ವರ್ಷ ಯುಕೆಜಿಗೆ ಎಷ್ಟು ಮಕ್ಕಳನ್ನು ತೆಗೆದುಕೊಳ್ಳುತ್ತೀರಿ, ಅರ್ಜಿ ಯಾವಾಗ ಕೊಡುತ್ತೀರಿ. ಯಾರ ಶಿಫಾರಸು ಪತ್ರವೂ ಬೇಡ. ಊರಿನ ದೊಡ್ಡ ಮನುಷ್ಯರ ಹತ್ತಿರ ಫೋನ್ ಮಾಡಿಸುವುದೂ ಬೇಡ.

ಒಂದನೇ ತರಗತಿ ಬಿಟ್ಟು ಯುಕೆಜಿ ಎಂದು ಯಾಕೆ ಹೇಳಿದೆ ಅಂದರೆ, ವಯಸ್ಸಿನ ಲೆಕ್ಕ. ನಮ್ಮ ರಾಜ್ಯದಲ್ಲಿ ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ 6 ವರ್ಷ ತುಂಬಿರಬೇಕು. 2022ರಲ್ಲಿ ಬಂದ ಈ ಆದೇಶ 2025-26ರಿಂದ ಜಾರಿಗೆ ಬರಬೇಕಿತ್ತು. ಆದರೆ ಪೋಷಕರ ಒತ್ತಾಯ ಜೋರಾಗಿತ್ತು. ಹಾಗಾಗಿ ಯುಕೆಜಿ ಮುಗಿಸಿದ ಮಕ್ಕಳಿಗೆ 5 ವರ್ಷ 5 ತಿಂಗಳು ಆಗಿದ್ದರೆ ಸಾಕು ಎಂದು ಆ ಒಂದು ವರ್ಷದ ಮಟ್ಟಿಗೆ ಸಡಿಲಿಸಿದರು. ನಿಮ್ಮ ಮಗಳು ಅಂಗನವಾಡಿಯಿಂದ ಬರುತ್ತಿದ್ದಾಳೆ, ಆರಕ್ಕೆ ಎರಡು ತಿಂಗಳು ಕಡಿಮೆ. ಸೇರಿಸುವ ವರ್ಷದ ಸುತ್ತೋಲೆ ಏನು ಹೇಳುತ್ತದೆ ಎಂದು ತಾಲೂಕಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲೋ ನಿಮ್ಮ ಕ್ಲಸ್ಟರಿನ ಸಿಆರ್‌ಪಿ (ಸಮೂಹ ಸಂಪನ್ಮೂಲ ವ್ಯಕ್ತಿ) ಹತ್ತಿರವೋ ಒಮ್ಮೆ ಕೇಳಿ. ಆದರೆ ಸಡಿಲಿಕೆ ಇದ್ದರೂ ನಾನು ನಿಮ್ಮ ಜಾಗದಲ್ಲಿದ್ದರೆ ಆತುರ ಪಡುವುದಿಲ್ಲ. ಆರು ತುಂಬದ ಮಗುವಿನ ಕೈಗೆ ಪೆನ್ಸಿಲು ಕೊಟ್ಟು ಪುಟಗಟ್ಟಲೆ ಬರೆಸಿ ಯಾರಿಗೂ ಲಾಭ ಇಲ್ಲ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಹುಟ್ಟಿದ ದಿನಾಂಕ ತಿದ್ದಿಸಲು ಹೋಗಬೇಡಿ. ‘ಎರಡು ತಿಂಗಳು ತಾನೇ, ಅಫಿಡವಿಟ್ ಮಾಡಿಸಿದರೆ ಆಯಿತು’ ಅನ್ನುವವರು ಎಲ್ಲ ಊರಲ್ಲೂ ಇರುತ್ತಾರೆ. ಜನನ ಪ್ರಮಾಣ ಪತ್ರ ಒಂದು ಹೇಳಿ ಶಾಲೆಯ ದಾಖಲೆ ಇನ್ನೊಂದು ಹೇಳಿದರೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಿಂದ ಹಿಡಿದು ಪಾಸ್‌ಪೋರ್ಟಿನವರೆಗೆ ಆ ಹುಡುಗಿ ಅಲೆಯಬೇಕಾಗುತ್ತದೆ.

ಯುಕೆಜಿಗೆ ಸೇರಿಸುವುದರಲ್ಲಿ ಇನ್ನೊಂದು ಅನುಕೂಲ ಇದೆ. ಆ ವರ್ಷ ಪೂರ್ತಿ ನಿಮಗೆ ಶಾಲೆಯನ್ನು ಒಳಗಿನಿಂದ ನೋಡಲು ಸಿಗುತ್ತದೆ. ಸರಿ ಬರಲಿಲ್ಲ ಅನ್ನಿ, ಮುಂದಿನ ಜೂನಿನಲ್ಲಿ ಸರ್ಕಾರಿ ಶಾಲೆಯ ಒಂದನೇ ತರಗತಿಗೆ ನೇರವಾಗಿ ಸೇರಿಸಬಹುದು. ಅಷ್ಟೊತ್ತಿಗೆ ವಯಸ್ಸಿನ ತಕರಾರೂ ಇರುವುದಿಲ್ಲ.

ಇನ್ನು ಆರ್‌ಟಿಇ. ಇಲ್ಲಿ ನಿಮಗೆ ಆಸೆ ಹುಟ್ಟಿಸಲಾರೆ. ಆ ಶಾಲೆಯಲ್ಲಿ ಆರ್‌ಟಿಇ ಸೀಟು ಸಿಗುವುದಿಲ್ಲ ಎಂದೇ ಲೆಕ್ಕ ಹಾಕಿಕೊಳ್ಳಿ. ಅಲ್ಪಸಂಖ್ಯಾತ ಸಂಸ್ಥೆ ಎಂಬ ಮಾನ್ಯತೆ ಇದ್ದರೆ ಶೇಕಡ 25 ಸೀಟನ್ನು ಬಡ, ಹಿಂದುಳಿದ ಮನೆಗಳ ಮಕ್ಕಳಿಗೆ ಉಚಿತವಾಗಿ ಕೊಡಬೇಕು ಅನ್ನುವ ಆರ್‌ಟಿಇ ನಿಯಮ ಆ ಶಾಲೆಗೆ ಅನ್ವಯಿಸುವುದಿಲ್ಲ, 2014ರಲ್ಲಿ ಸುಪ್ರೀಂ ಕೋರ್ಟು ಹಾಗೆ ತೀರ್ಪು ಕೊಟ್ಟಿದೆ. ಮಾನ್ಯತೆ ಇಲ್ಲದಿದ್ದರೂ ನಿಮಗೆ ದಾರಿ ಇಲ್ಲ. ರಾಜ್ಯ ಸರ್ಕಾರ ನಿಯಮ ಬದಲಿಸಿದ ಮೇಲೆ, 2019-20ರಿಂದ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಕೊಡುವುದಿಲ್ಲ. ನಿಮಗೆ ಒಂದೇ ಕಿಲೋಮೀಟರಿನಲ್ಲಿ ಸರ್ಕಾರಿ ಶಾಲೆ ಇದೆ. ‘ಆನ್‌ಲೈನ್ ಅರ್ಜಿ ಹಾಕಿಸಿಕೊಡ್ತೀನಿ, ಇಷ್ಟು ಕೊಡಿ’ ಎಂದು ಯಾರಾದರೂ ಬಂದರೆ ಸುಮ್ನೆ ದುಡ್ಡು ಕಳೆದುಕೊಳ್ಳಬೇಡಿ.

ಹಾಗಾದರೆ ಫೀಸು ಕಟ್ಟಲೇಬೇಕಾ? ಅದು ಶಾಲೆ ಅನುದಾನಿತವೋ ಅಲ್ಲವೋ ಅನ್ನುವುದರ ಮೇಲಿದೆ. ಹಳೆಯ ಚರ್ಚ್ ಶಾಲೆಗಳಲ್ಲಿ ಕೆಲವು ಅನುದಾನಿತ. ಅಲ್ಲಿ ಶಿಕ್ಷಕರ ಸಂಬಳ ಸರ್ಕಾರದ್ದು, ಮಕ್ಕಳಿಗೆ ಬಿಸಿಯೂಟ, ಹಾಲು, ಮೊಟ್ಟೆ ಅಥವಾ ಬಾಳೆಹಣ್ಣು ಉಂಟು, ಪಠ್ಯಪುಸ್ತಕವೂ ಉಚಿತ. ಅನುದಾನ ಇಲ್ಲದ ಶಾಲೆಯಲ್ಲಿ ಇದ್ಯಾವುದೂ ಇಲ್ಲ, ಬುತ್ತಿ ನೀವೇ ಕಟ್ಟಬೇಕು. ನೀವು ಹೇಳಿದ್ದು ನೋಡಿದರೆ, ಇಂಗ್ಲಿಷ್ ಮೀಡಿಯಂ, ಯುಕೆಜಿ ಎಲ್ಲ ಇದೆ, ಅನುದಾನ ಇರುವ ಸಾಧ್ಯತೆ ಕಡಿಮೆ. ಫೀಸು ಕೇಳುವಾಗ ‘ವರ್ಷಕ್ಕೆ ಎಷ್ಟು’ ಎಂದು ಮಾತ್ರ ಕೇಳಿ ಬರಬೇಡಿ. ಪ್ರವೇಶ ಶುಲ್ಕ, ಬೋಧನಾ ಶುಲ್ಕ, ಪುಸ್ತಕ, ಯೂನಿಫಾರ್ಮು, ಶೂ, ವ್ಯಾನು, ಎಲ್ಲ ಸೇರಿಸಿ ಎಷ್ಟಾಗುತ್ತದೆ ಕೇಳಿ. ಹಳ್ಳಿಯಲ್ಲಿ ವ್ಯಾನಿನ ಬಾಡಿಗೆ ಫೀಸನ್ನೇ ಮೀರುವುದುಂಟು.

ಕಂತು ಕೇಳಲು ನಾಚಿಕೆ ಬೇಡ. ಫೀಸು ಕೇಳುವುದು ಜೂನಿನಲ್ಲಿ. ತೋಟದವರ ಕೈಗೆ ದುಡ್ಡು ಬರುವುದು ಕೊಯ್ಲು ಮುಗಿದು, ಅಡಿಕೆ ಬೇಯಿಸಿ ಒಣಗಿಸಿ ಮಂಡಿಗೆ ಹಾಕಿದ ಮೇಲೆ. ಜೂನ್ ಹೊತ್ತಿಗೆ ಕೊಳೆ ಔಷಧಿಗೆ, ಆಳಿಗೆ ಖರ್ಚು ಎದುರಿಗೆ ನಿಂತಿರುತ್ತದೆ. ಊರಿನ ಶಾಲೆಯವರಿಗೆ ಇದು ಗೊತ್ತಿರುವ ವಿಷಯವೇ. ಅರ್ಧ ಈಗ, ಉಳಿದದ್ದು ಜನವರಿಯಲ್ಲಿ ಎಂದು ಮೊದಲೇ ಮಾತಾಡಿ, ಬರೆಸಿಕೊಳ್ಳಿ. ಬಡ ಮಕ್ಕಳಿಗೆ ರಿಯಾಯಿತಿ ಕೊಡುವ ಪದ್ಧತಿ ಅನೇಕ ಚರ್ಚ್ ಶಾಲೆಗಳಲ್ಲಿದೆ. ಅದನ್ನು ಕೇಳಿ ಪಡೆಯಬೇಕು, ತಾನಾಗಿ ಬರುವುದಿಲ್ಲ. ‘ಕಟ್ಟಡ ನಿಧಿ’ ಎಂದು ರಸೀದಿ ಇಲ್ಲದೆ ಕೇಳಿದರೆ ಮಾತ್ರ ಕೊಡಬೇಡಿ. ಕ್ಯಾಪಿಟೇಶನ್ ಶುಲ್ಕ, ಅಂದರೆ ಸೀಟಿಗಾಗಿ ಕೇಳುವ ಡೊನೇಶನ್, ನಿಷೇಧಿಸುವ ಕಾಯ್ದೆ ನಮ್ಮ ರಾಜ್ಯದಲ್ಲಿ 1984ರಿಂದಲೇ ಇದೆ.

ಯಾರ ಹತ್ತಿರ ಕೇಳಬೇಕು ಅನ್ನುವುದಕ್ಕೆ ಶಾಲೆ ಯಾರದ್ದು ಎಂದು ತಿಳಿದಿರಬೇಕು. ಎಲ್ಲ ಚರ್ಚ್ ಶಾಲೆಗಳೂ ಒಂದೇ ಆಡಳಿತದವಲ್ಲ. ಶಿವಮೊಗ್ಗ ಕಥೋಲಿಕ ಧರ್ಮಪ್ರಾಂತ್ಯ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ) 1988ರಲ್ಲಿ ಚಿಕ್ಕಮಗಳೂರಿನಿಂದ ಬೇರೆಯಾಯಿತು. ಕೇರಳದ ಕಡೆಯಿಂದ ಬಂದು ನೆಲೆಸಿದ ಸಿರೋ ಮಲಬಾರ್ ಪಂಗಡದವರಿಗೆ 2007ರಲ್ಲಿ ಭದ್ರಾವತಿ ಧರ್ಮಪ್ರಾಂತ್ಯ ಆಯಿತು. ಇವುಗಳ ಶಾಲೆಗಳಲ್ಲಿ ಸಾಮಾನ್ಯವಾಗಿ ಆ ಚರ್ಚಿನ ಫಾದರ್ ಸಂಚಾಲಕರು. ಕೆಲವು ಶಾಲೆಗಳನ್ನು ಸಿಸ್ಟರುಗಳ ಸಂಸ್ಥೆಗಳು ನಡೆಸುತ್ತವೆ, ಮಂಗಳೂರಿನಲ್ಲಿ 1921ರಲ್ಲಿ ಶುರುವಾದ ಬೆಥನಿಯಂಥವು. ಪ್ರೊಟೆಸ್ಟೆಂಟ್ ಚರ್ಚುಗಳ ಶಾಲೆಗಳೂ ಇವೆ. ಹೆಸರಿನಲ್ಲಿ ‘ಸೇಂಟ್’ ಇದ್ದ ಮಾತ್ರಕ್ಕೆ ಚರ್ಚಿನದ್ದಾಗಬೇಕಿಲ್ಲ, ಖಾಸಗಿಯವರು ನಡೆಸುವ ಶಾಲೆಗಳಿಗೂ ಆ ಹೆಸರು ಇರುತ್ತದೆ. ಫೀಸಿನ ರಿಯಾಯಿತಿಗೆ, ದೂರಿಗೆ, ಕಟ್ಟಡದ ರಿಪೇರಿಗೆ ಕೊನೆಗೆ ಉತ್ತರ ಕೊಡಬೇಕಾದವರು ಈ ಆಡಳಿತ ಮಂಡಳಿಯವರು. ಹೆಡ್ ಮಿಸ್ ಹತ್ತಿರ ಜಗಳ ಆಡಿ ಪ್ರಯೋಜನ ಇಲ್ಲ.

ಇಷ್ಟು ಕಾಗದದ ಮಾತು. ನಿಮ್ಮ ಕೊನೆಯ ಪ್ರಶ್ನೆಯೇ ನಿಜವಾದ ಪ್ರಶ್ನೆ. 62 ಮಕ್ಕಳಿರುವ ಶಾಲೆ ಒಳ್ಳೆಯದಾ?

ಶಿಕ್ಷಣ ಇಲಾಖೆಯ ಕೆಲಸದಲ್ಲಿ ಈ ಭಾಗದ ಶಾಲೆಗಳನ್ನು ನೋಡುತ್ತ ಬಂದವಳು ನಾನು. ನನ್ನ ಅಭಿಪ್ರಾಯ ಇದು: ಪುಟ್ಟ ಶಾಲೆ ಅಂದರೆ ಇಬ್ಬರು ಮೂವರು ಶಿಕ್ಷಕರು, ಅಷ್ಟೇ. ದೊಡ್ಡ ಶಾಲೆಯಲ್ಲಿ ಒಬ್ಬರು ಚೆನ್ನಾಗಿಲ್ಲದಿದ್ದರೆ ಮುಂದಿನ ವರ್ಷ ಇನ್ನೊಬ್ಬರು ಸಿಗುತ್ತಾರೆ. ಪುಟ್ಟ ಶಾಲೆಯಲ್ಲಿ ಅದೇ ಮಿಸ್ ಮೂರು ವರ್ಷ ಇರಬಹುದು. ಅವರು ಒಳ್ಳೆಯವರಾದರೆ ನಿಮ್ಮ ಮಗಳ ಅದೃಷ್ಟ. ಇಲ್ಲದಿದ್ದರೆ ಮೂರು ವರ್ಷ ಹೋಯಿತು. ಹಾಗಾಗಿ ಮಾಧ್ಯಮ, ಯೂನಿಫಾರ್ಮು, ಕಾಂಪೌಂಡು ಎಲ್ಲ ಆಮೇಲೆ ನೋಡೋಣ. ಒಂದರಿಂದ ಮೂರನೇ ತರಗತಿಗೆ ಯಾರು ಪಾಠ ಮಾಡುತ್ತಾರೆ, ಅವರು ಎಷ್ಟು ಕಾಲ ಇರುತ್ತಾರೆ, ಇದನ್ನು ಮೊದಲು ಹುಡುಕಿ.

ಕೇಳುವ ರೀತಿ ಸುಲಭ. ‘ಹೋದ ಮೂರು ವರ್ಷ ಒಂದನೇ ತರಗತಿಗೆ ಯಾರು ಪಾಠ ಮಾಡಿದರು?’ ಒಂದೇ ಹೆಸರು ಬಂದರೆ ಸಮಾಧಾನ. ಮೂರು ವರ್ಷಕ್ಕೆ ಮೂರು ಹೆಸರು ಬಂದರೆ ಯಾಕೆ ಎಂದು ಕೇಳಿ. ಅನುದಾನ ಇಲ್ಲದ ಹಳ್ಳಿ ಶಾಲೆಗಳಲ್ಲಿ ಸಂಬಳ ಕಡಿಮೆ. ಹೆಣ್ಣುಮಕ್ಕಳು ಡಿ.ಎಡ್ ಅಥವಾ ಬಿ.ಎಡ್ ಮುಗಿಸಿ ಬಂದು ಸೇರುತ್ತಾರೆ, ಮದುವೆ ಆದರೆ ಹೊರಡುತ್ತಾರೆ, ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ ಕೆಲಸ ಸಿಕ್ಕರೂ ಹೊರಡುತ್ತಾರೆ. ಅವರನ್ನು ದೂರುವ ಹಾಗಿಲ್ಲ, ಅವರ ಬದುಕೂ ನಡೆಯಬೇಕು. ಸಿಸ್ಟರುಗಳಿಗೂ ಫಾದರಿಗೂ ವರ್ಗಾವಣೆ ಇರುತ್ತದೆ. ಅದು ಸಾಮಾನ್ಯವಾಗಿ ಮೇ ತಿಂಗಳ ಸುಮಾರಿಗೆ ಬರುತ್ತದೆ. ಫೆಬ್ರವರಿಯಲ್ಲಿ ನೀವು ಮೆಚ್ಚಿಕೊಂಡು ಬಂದ ಹೆಡ್ ಮಿಸ್ ಜೂನಿನಲ್ಲಿ ಇಲ್ಲದೆ ಇರಬಹುದು. ಆದ್ದರಿಂದ ‘ಸಿಸ್ಟರ್ ತುಂಬ ಒಳ್ಳೆಯವರು’ ಅನ್ನುವ ಒಂದೇ ಕಾರಣಕ್ಕೆ ತೀರ್ಮಾನ ಮಾಡಬೇಡಿ. ಊರಿನವರೇ ಆದ, ಬಿಟ್ಟು ಹೋಗದ ಒಬ್ಬ ಮಿಸ್ ಇದ್ದಾರಾ ನೋಡಿ. ಹೆಚ್ಚಿನ ಕಡೆ ಶಾಲೆಯನ್ನು ಹಿಡಿದು ನಿಲ್ಲಿಸಿರುವವರು ಅವರು.

ತರಗತಿಗೊಬ್ಬ ಶಿಕ್ಷಕರು ಇರಲೇಬೇಕು ಎಂದು ಕಾನೂನಿನಲ್ಲೂ ಇಲ್ಲ. ಆರ್‌ಟಿಇ ಕಾಯ್ದೆಯ ಪರಿಶಿಷ್ಟದ ಪ್ರಕಾರ ಒಂದರಿಂದ ಐದರವರೆಗೆ 60 ಮಕ್ಕಳಿಗೆ ಇಬ್ಬರು, 61ರಿಂದ 90ರವರೆಗೆ ಮೂವರು. ಆ ಅಳತೆಯಲ್ಲಿ 62 ಮಕ್ಕಳಿಗೆ ಮೂವರು ಶಿಕ್ಷಕರು, ಐದು ತರಗತಿ. ಅಂದರೆ ಒಂದು, ಎರಡು, ಕೆಲವೊಮ್ಮೆ ಮೂರನೇ ತರಗತಿಯ ಮಕ್ಕಳೂ ಒಂದೇ ಕೋಣೆಯಲ್ಲಿ ಕೂರುತ್ತಾರೆ. ಇದಕ್ಕೇ ಹೆದರಬೇಕಾಗಿಲ್ಲ. ಸರ್ಕಾರಿ ಶಾಲೆಗಳ ನಲಿಕಲಿ ಹುಟ್ಟಿದ್ದೇ ಇಂಥ ಕೋಣೆಗಳಿಗೆ. ಎಚ್.ಡಿ. ಕೋಟೆಯಲ್ಲಿ 1995ರ ಸುಮಾರಿಗೆ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿತು. ಮಕ್ಕಳು ಗುಂಪು ಗುಂಪಾಗಿ ಕೂತು, ಕಾರ್ಡು ಹಿಡಿದು, ತಮ್ಮ ಮಟ್ಟಕ್ಕೆ ತಕ್ಕ ಹಾಗೆ ಮುಂದೆ ಹೋಗುತ್ತಾರೆ. ಖಾಸಗಿ ಶಾಲೆಗಳಲ್ಲಿ ಹೆಚ್ಚಾಗಿ ಪಠ್ಯಪುಸ್ತಕವೇ ಎಲ್ಲ. ಒಂದು ತರಗತಿಗೆ ಪಾಠ ನಡೆಯುವಾಗ ಇನ್ನೊಂದು ತರಗತಿಯವರು ಬೋರ್ಡು ನೋಡಿ ಕಾಪಿ ಮಾಡುತ್ತಾ ಕೂರುತ್ತಾರೆ. ಹಾಗಾಗಿ ಸೇರಿಸಿ ಕೂರಿಸುತ್ತಾರಾ ಎಂದು ಕೇಳುವುದಕ್ಕಿಂತ, ಸೇರಿಸಿ ಕೂರಿಸಿದಾಗ ಉಳಿದವರು ಏನು ಮಾಡುತ್ತಿರುತ್ತಾರೆ ಎಂದು ಕಣ್ಣಾರೆ ನೋಡಿ.

ಶಾಲಾ ದಿನಾಚರಣೆಗೆ ಹೋಗಿ ಶಾಲೆ ನೋಡಿದೆವು ಅಂದುಕೊಳ್ಳಬೇಡಿ. ಒಂದು ಮಾಮೂಲಿ ಮಂಗಳವಾರವೋ ಬುಧವಾರವೋ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಮೊದಲೇ ಹೇಳಿ ಹೋಗಿ. ಮೂರನೇ ತರಗತಿಯ ಒಬ್ಬ ಮಗುವನ್ನು ಮಾತಾಡಿಸಿ. ಮುಂದೆ ಕೂತ ಜಾಣನನ್ನು ಬಿಡಿ, ಮಧ್ಯದಲ್ಲಿ ಕೂತವರನ್ನು ಕರೆಯಿರಿ. ಇನ್ನೂ ಪಾಠ ಆಗದ ಒಂದು ಪುಟವನ್ನು ಕನ್ನಡ ಪುಸ್ತಕದಿಂದ ಓದಿಸಿ. ಬೆರಳಿಟ್ಟುಕೊಂಡು ನಿಧಾನವಾಗಿ ಓದಿದರೂ ಪರವಾಗಿಲ್ಲ. ಓದಿದ್ದು ಏನು ಎಂದು ಕೇಳಿದಾಗ ತನ್ನ ಮಾತಿನಲ್ಲಿ ಹೇಳುತ್ತದಾ? ಆಮೇಲೆ ಇಂಗ್ಲಿಷ್ ಪುಸ್ತಕದಿಂದ ಎರಡು ಸಾಲು. ಅಲ್ಲಿ ಮಗು ಸರಾಗವಾಗಿ ಓದಿ, ಅರ್ಥ ಕೇಳಿದರೆ ಮಿಸ್ ಮುಖ ನೋಡಿದರೆ, ಆ ಶಾಲೆಯಲ್ಲಿ ಇಂಗ್ಲಿಷ್ ಬಾಯಿಪಾಠ ಆಗುತ್ತಿದೆ ಎಂದು ತಿಳಿಯಿರಿ.

ನೋಟ್‌ಬುಕ್ಕು ತೆರೆದು ನೋಡಿ. ತಪ್ಪಿನ ಮೇಲೆ ಕೆಂಪು ಗೀಟು ಎಳೆದಿದ್ದಾರೆ ಅನ್ನುವುದು ಸಾಲದು. ಕೆಳಗೆ ಮಗು ಮತ್ತೆ ಸರಿಯಾಗಿ ಬರೆದಿದೆಯಾ, ಅದನ್ನು ಮಿಸ್ ಮತ್ತೆ ನೋಡಿದ್ದಾರಾ, ತಾರೀಕು ಹಾಕಿದ್ದಾರಾ? ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಾರಾ? ಕೋಲು ಎಲ್ಲಾದರೂ ಮೂಲೆಯಲ್ಲಿ ಇದೆಯಾ? ಹುಡುಗಿಯರ ಶೌಚಾಲಯದಲ್ಲಿ ನಲ್ಲಿ ತಿರುಗಿಸಿ ನೋಡಿ. ನೀರು ಬರುತ್ತದಾ, ಒಳಗಿನಿಂದ ಚಿಲಕ ಇದೆಯಾ?

ನಮ್ಮ ಕಡೆಗೆ ಮಾತ್ರ ಬೇಕಾದ ಇನ್ನೊಂದು ಪರೀಕ್ಷೆ ಇದೆ. ತಲೆ ಎತ್ತಿ ಶಾಲೆಯ ಮಾಡನ್ನು (ಚಾವಣಿಯನ್ನು) ನೋಡಿ. ಹಂಚಿನ ಮಾಡಾದರೆ ಮಳೆಗಾಲದಲ್ಲಿ ಮಿಸ್ ಮಾತು ಕೇಳಿಸುತ್ತದೆ. ಬರೀ ತಗಡಿನ ಶೀಟಾದರೆ, ಕೆಳಗೆ ಸೀಲಿಂಗ್ ಇಲ್ಲದಿದ್ದರೆ, ಜುಲೈ ತಿಂಗಳಲ್ಲಿ ಮಳೆ ಹೊಯ್ಯುವಾಗ ಪಾಠ ನಿಂತುಹೋಗುತ್ತದೆ. ಎದುರಿಗೆ ನಿಂತವರ ಮಾತೇ ಕೇಳುವುದಿಲ್ಲ. ಮಾರ್ಚಿನ ಬಿಸಿಲಿನಲ್ಲಿ ಶಾಲೆ ನೋಡುವವರಿಗೆ ಇದು ಹೊಳೆಯುವುದೇ ಇಲ್ಲ. ಒದ್ದೆಯಾಗಿ ಬಂದ ಮಕ್ಕಳಿಗೆ ಏನು ಮಾಡುತ್ತೀರಿ, ಇನ್ನೊಂದು ಜೊತೆ ಬಟ್ಟೆ ಇಡಲು ಜಾಗ ಇದೆಯಾ, ಶೂ ಬದಲು ಚಪ್ಪಲಿ ಹಾಕಿಕೊಂಡು ಬರಲು ಬಿಡುತ್ತೀರಾ ಎಂದೂ ಕೇಳಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಕ್ಯಾನ್ವಾಸ್ ಶೂ ಹಾಕಿಸಿ ಕೂರಿಸುವ ಶಾಲೆ ಮಕ್ಕಳ ಬಗ್ಗೆ ಯೋಚಿಸಿಲ್ಲ ಅಂತಲೇ ಅರ್ಥ.

ದಾರಿಯ ಮಾತೂ ಇದರ ಜೊತೆಗೇ ಬರುತ್ತದೆ. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಶಾಲೆ ಒಂದು ಕಿಲೋಮೀಟರ್ ಒಳಗಿರಬೇಕು ಎಂದು ಆರ್‌ಟಿಇ ನಿಯಮ ಇಟ್ಟಿರುವುದು ಸುಮ್ನೆ ಅಲ್ಲ. ಆರು ವರ್ಷದ ಕಾಲು ಅಷ್ಟು ನಡೆಯುತ್ತದೆ. ನಾಲ್ಕು ಕಿಲೋಮೀಟರಿಗೆ ವಾಹನ ಬೇಕು. ಮಧ್ಯೆ ಹಳ್ಳ ಇದೆಯಾ, ಸಂಕ (ಕಾಲುಸೇತುವೆ) ಇದೆಯಾ, ಅದು ಸಿಮೆಂಟಿನದೋ ಅಡಿಕೆ ಮರದ್ದೋ? ವ್ಯಾನು ರಸ್ತೆಯಲ್ಲೇ ನಿಲ್ಲುತ್ತದೋ ಮನೆವರೆಗೆ ಬರುತ್ತದೋ? ಓಮ್ನಿಯಲ್ಲಿ ಎಷ್ಟು ಮಕ್ಕಳನ್ನು ತುಂಬುತ್ತಾರೆ? ಜೋರು ಮಳೆಗೆ ತಾಲೂಕಿಗೆ ರಜೆ ಘೋಷಣೆ ಆದರೆ ಚರ್ಚಿನ ಶಾಲೆಗೂ ರಜೆ. ಕಷ್ಟ ಬರುವುದು ಮಧ್ಯಾಹ್ನ ಇದ್ದಕ್ಕಿದ್ದಂತೆ ಬಿಟ್ಟಾಗ. ಆಗ ಮಗುವನ್ನು ಯಾರ ಕೈಗೆ ಕೊಡುತ್ತಾರೆ ಎಂದು ಈಗಲೇ ತಿಳಿದುಕೊಳ್ಳಿ. ಇದೇ ಕಾರಣಕ್ಕೆ ಪೇಟೆಯ ಶಾಲೆಯನ್ನು ನಾನು ಪಟ್ಟಿಯಿಂದಲೇ ತೆಗೆದುಬಿಡುತ್ತೇನೆ. ಘಟ್ಟದ ತಿರುವಿನಲ್ಲಿ ದಿನಕ್ಕೆ 28 ಕಿಲೋಮೀಟರ್ ಬಸ್ಸಿನಲ್ಲಿ ಕೂತು ಬಂದ ಆರು ವರ್ಷದ ಮಗು ಸಂಜೆ ಆಡುವುದೂ ಇಲ್ಲ, ಓದುವುದೂ ಇಲ್ಲ, ಉಂಡು ಮಲಗುತ್ತದೆ.

ಪೇಟೆ ಶಾಲೆ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣವನ್ನು ಹೆಚ್ಚಿನ ಪೋಷಕರು ಪಿಯುಸಿ ಹೊತ್ತಿಗೆ ತಿಳಿದು ಕೊರಗುತ್ತಾರೆ. ಸಿಇಟಿಯಲ್ಲಿ (ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆಯಲ್ಲಿ) ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇಕಡ 15, ಕನ್ನಡ ಮಾಧ್ಯಮದವರಿಗೆ ಶೇಕಡ 5 ಮೀಸಲಾತಿ ಇದೆ. ಎರಡಕ್ಕೂ ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಹಾಗೆ ಓದಿರಬೇಕು. ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಶಾಲೆ ಗ್ರಾಮೀಣ ಅನ್ನಿಸಿಕೊಳ್ಳುವುದಿಲ್ಲ. ಅಂದರೆ ಒಂದನೇ ತರಗತಿಗೆ ಪೇಟೆಗೆ ಕಳಿಸಿದ ದಿನವೇ ಆ ಬಾಗಿಲು ಮುಚ್ಚುತ್ತದೆ. ನವೋದಯದ್ದೂ ಹೀಗೇ. ಗಾಜನೂರಿನ ನವೋದಯ ವಿದ್ಯಾಲಯಕ್ಕೆ (ಆರನೇ ತರಗತಿಯಿಂದ ಶುರುವಾಗುವ ಕೇಂದ್ರ ಸರ್ಕಾರದ ವಸತಿ ಶಾಲೆ) ಐದನೇ ತರಗತಿಯಲ್ಲಿ ಪರೀಕ್ಷೆ ಬರೆಯಬೇಕು. ಕನಿಷ್ಠ ಶೇಕಡ 75 ಸೀಟು ಗ್ರಾಮೀಣ ಮಕ್ಕಳಿಗೆ, ಮೂರು, ನಾಲ್ಕು, ಐದನೇ ತರಗತಿಯನ್ನು ಹಳ್ಳಿಯ ಸರ್ಕಾರಿ ಅಥವಾ ಮಾನ್ಯತೆ ಪಡೆದ ಶಾಲೆಯಲ್ಲಿ ಓದಿದವರಿಗೆ. ಚರ್ಚಿನ ಶಾಲೆಗೆ ಮಾನ್ಯತೆ ಇದೆಯೇ, ಯಾವ ತರಗತಿವರೆಗೆ, ಯಾವ ಮಾಧ್ಯಮಕ್ಕೆ ಎಂದು ಆದೇಶದ ಪ್ರತಿಯನ್ನೇ ಕೇಳಿ ನೋಡಿ. ಕನ್ನಡ ಮಾಧ್ಯಮಕ್ಕೆ ಮಾನ್ಯತೆ ತೆಗೆದುಕೊಂಡು ಇಂಗ್ಲಿಷಿನಲ್ಲಿ ಪಾಠ ನಡೆಸುವ ಶಾಲೆಗಳಿವೆ. ‘ಇಂಗ್ಲಿಷ್ ಮೀಡಿಯಂ ಅನ್ನುತ್ತಾರೆ’ ಎಂದು ನೀವು ಬರೆದದ್ದು ಓದಿ ನನಗೆ ಮೊದಲು ಬಂದ ಅನುಮಾನ ಇದೇ. ಶಾಲೆಯ ಡೈಸ್ ಸಂಖ್ಯೆ (ಪ್ರತಿ ಶಾಲೆಗೂ ಇರುವ ಗುರುತಿನ ಸಂಖ್ಯೆ) ಕೊಟ್ಟರೆ ಬಿಇಒ ಕಚೇರಿಯಲ್ಲಿ ನಿಜ ಸಂಗತಿ ಸಿಗುತ್ತದೆ. ಯಾವ ಮಾಧ್ಯಮವಾದರೂ 2015ರ ಕಾಯ್ದೆ ಪ್ರಕಾರ ಕನ್ನಡವನ್ನು ಮೊದಲ ಅಥವಾ ಎರಡನೇ ಭಾಷೆಯಾಗಿ ಕಲಿಸಲೇಬೇಕು.

ಅತ್ತೆಯವರ ಬೇಸರಕ್ಕೆ ಬರೋಣ. ಅದನ್ನು ಹಳೇ ಕಾಲದವರ ಮಾತು ಎಂದು ತಳ್ಳಿಹಾಕಬೇಡಿ, ಕೇಳಬೇಕಾದ ಪ್ರಶ್ನೆಯೇ ಅದು. ಸಂವಿಧಾನದ 28ನೇ ವಿಧಿಯ ಮೂರನೇ ಉಪವಿಧಿ ಸ್ಪಷ್ಟವಾಗಿದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಧಾರ್ಮಿಕ ಬೋಧನೆಗೆ, ಪೂಜೆ ಪ್ರಾರ್ಥನೆಗೆ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಕೂರಿಸುವ ಹಾಗಿಲ್ಲ. ಕಥೋಲಿಕ ಶಾಲೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ: ವಾರದಲ್ಲಿ ಕ್ರೈಸ್ತ ಮಕ್ಕಳಿಗೆ ಧರ್ಮೋಪದೇಶದ ಪೀರಿಯಡ್ ಇದ್ದಾಗ ಉಳಿದವರಿಗೆ ಮೌಲ್ಯ ಶಿಕ್ಷಣ ಇರುತ್ತದೆ. ಬೆಳಗಿನ ಪ್ರಾರ್ಥನೆ ಹೆಚ್ಚಿನ ಕಡೆ ಎಲ್ಲರೂ ಹೇಳಬಹುದಾದದ್ದು, ಕೆಲವು ಕಡೆ ಅಲ್ಲ. ಒಂದು ದಿನ ಅತ್ತೆಯವರನ್ನೇ ಬೆಳಿಗ್ಗೆ ಶಾಲೆಗೆ ಕರೆದುಕೊಂಡು ಹೋಗಿ. ಪ್ರಾರ್ಥನೆ ಅವರೇ ಕೇಳಲಿ, ಫಾದರ್ ಹತ್ತಿರ ಅವರೇ ಮಾತಾಡಲಿ.

ಪ್ರಾರ್ಥನೆಗಿಂತ ಮನೆಯಲ್ಲಿ ಜಾಸ್ತಿ ಜಗಳ ತರುವುದು ಸಣ್ಣ ವಿಷಯಗಳು. ತಲೆಗೆ ಹೂವು ಮುಡಿಯಲು ಬಿಡುತ್ತಾರಾ? ಬಳೆ, ಹಣೆಗೆ ಕುಂಕುಮ, ಹಬ್ಬದ ಮದರಂಗಿ? ಭೂಮಿ ಹುಣ್ಣಿಮೆಗೆ ಒಂದು ದಿನ ರಜೆ ಹಾಕಿದರೆ ಬೈಯುತ್ತಾರಾ? ಕೆಲವು ಶಾಲೆಗಳು ಕ್ರಿಸ್‌ಮಸ್ ರಜೆಗೋಸ್ಕರ ದಸರಾ ರಜೆಯನ್ನು ಕಡಿಮೆ ಮಾಡುತ್ತವೆ, ಇಲಾಖೆ ಅದಕ್ಕೆ ಅನುಮತಿ ಕೊಡುತ್ತದೆ. ಡಿಸೆಂಬರಿನಲ್ಲಿ ಗೋದಲಿಯ (ಯೇಸು ಹುಟ್ಟಿದ ಕಥೆಯ) ನಾಟಕಕ್ಕೆ ಮಗಳನ್ನು ದೇವದೂತೆ ಮಾಡಿದರೆ ನಿಮಗೆ ಒಪ್ಪಿಗೆಯಾ? ಇದನ್ನೆಲ್ಲ ಸೇರಿಸುವ ಮೊದಲು ಮನೆಯವರೆಲ್ಲ ಕೂತು ಮಾತಾಡಿಕೊಳ್ಳಿ. ಸೇರಿಸಿದ ಮೇಲೆ ಮಗುವಿನ ಎದುರಿಗೆ ಶಾಲೆಯನ್ನು ಬೈಯಬೇಡಿ. ಮನೆ ಒಂದು, ಶಾಲೆ ಒಂದು ಹೇಳಿದರೆ ಮಧ್ಯೆ ಸಿಕ್ಕಿ ನಲುಗುವುದು ಮಗು.

ದಾಖಲಾತಿ ದಿನಕ್ಕೆ ಜನನ ಪ್ರಮಾಣ ಪತ್ರ, ಮಗುವಿನ ಮತ್ತು ನಿಮ್ಮ ಆಧಾರ್ ಪ್ರತಿ, ಜಾತಿ ಆದಾಯ ಪ್ರಮಾಣ ಪತ್ರ, ತಾಯಿ ಕಾರ್ಡು, ಫೋಟೋ ಇಟ್ಟುಕೊಳ್ಳಿ. ಜ್ಞಾನಸ್ನಾನದ (ಬ್ಯಾಪ್ಟಿಸಂ) ಪತ್ರ ಕೇಳುವುದು ಕ್ರೈಸ್ತ ಮಕ್ಕಳಿಗೆ ಮಾತ್ರ. ಅಂಗನವಾಡಿಯಿಂದ ಟಿಸಿ ಬೇಕಿಲ್ಲ.

ಆ ದಿನ ಅವಸರ ಮಾಡಬೇಡಿ. ದಾಖಲಾತಿ ವಹಿಯಲ್ಲಿ ಬರೆಯುವುದನ್ನು ಪಕ್ಕದಲ್ಲಿ ನಿಂತು ಓದಿ. ಹೆಸರಿನ ಅಕ್ಷರ, ಇನಿಷಿಯಲ್ಲು ಜನನ ಪತ್ರದಲ್ಲಿ ಇದ್ದ ಹಾಗೇ ಇರಬೇಕು. ಮನೆಯಲ್ಲಿ ಪುಟ್ಟಿ ಎಂದು ಕರೆಯುವ ಮಗುವನ್ನು ಅಜ್ಜ ಬಂದು ಸೇರಿಸಿ ಪುಟ್ಟಮ್ಮ ಎಂದೇ ಬರೆಸಿದ್ದನ್ನು ನೋಡಿದ್ದೇನೆ. ಜಾತಿ ಕಾಲಂ ಇನ್ನೂ ಮುಖ್ಯ. ಅಕ್ಕನಿಗೆ ದೀವರು, ತಮ್ಮನಿಗೆ ಈಡಿಗ ಎಂದು ಬರೆಸಿದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಮುಂದೆ ಪ್ರಮಾಣ ಪತ್ರಕ್ಕೆ ಹೋದಾಗ ತಹಶೀಲ್ದಾರ್ ಕಚೇರಿಯಲ್ಲಿ ಅದಕ್ಕೇ ತಕರಾರು. ಕಂದಾಯ ಇಲಾಖೆಯ ಪತ್ರದಲ್ಲಿ ಏನಿದೆಯೋ ಅದನ್ನೇ ಬರೆಸಿ. ಒಂದನೇ ತರಗತಿಗೆ ಬಂದಾಗ ಎಸ್‌ಎಟಿಎಸ್ ಸಂಖ್ಯೆ (ಇಲಾಖೆಯ ಕಂಪ್ಯೂಟರಿನಲ್ಲಿ ಪ್ರತಿ ಮಗುವಿಗೂ ಇರುವ ಸಂಖ್ಯೆ) ಕೇಳಿ ಬರೆದಿಟ್ಟುಕೊಳ್ಳಿ. ಐದನೇ ತರಗತಿ ಮುಗಿಸಿ ಬೇರೆ ಶಾಲೆಗೆ ಹೋಗುವಾಗ ಟಿಸಿ ಬರುವುದು ಅದರ ಮೂಲಕವೇ.

ನನ್ನ ಸಲಹೆ ಕೇಳಿದರೆ, ಈ ತಿಂಗಳಲ್ಲೇ ಎರಡೂ ಶಾಲೆಗೆ ಹೋಗಿ. ಹೌದು, ಸರ್ಕಾರಿ ಶಾಲೆಗೂ, ಅದೇ ಪ್ರಶ್ನೆಗಳನ್ನು ಹಿಡಿದುಕೊಂಡು. ಅಲ್ಲಿ ಒಂದರಿಂದ ಮೂರಕ್ಕೆ ಒಳ್ಳೆಯ ನಲಿಕಲಿ ಶಿಕ್ಷಕಿ ಇದ್ದರೆ, ಚರ್ಚಿನ ಶಾಲೆಯಲ್ಲಿ ವರ್ಷಕ್ಕೊಬ್ಬರು ಬದಲಾಗುತ್ತಿದ್ದರೆ, ಮಗಳನ್ನು ಮನೆ ಹತ್ತಿರವೇ ಓದಿಸಿ. ನಾಲ್ಕನೇ ತರಗತಿಗೆ ಬೇಕಾದರೆ ಟಿಸಿ ತೆಗೆದುಕೊಂಡು ಬದಲಿಸಬಹುದು. ಚರ್ಚಿನ ಶಾಲೆಯಲ್ಲಿ ನೆಲೆ ನಿಂತ ಮಿಸ್ ಇದ್ದು, ಮಧ್ಯದಲ್ಲಿ ಕೂತ ಮಗು ಅರ್ಥ ಮಾಡಿಕೊಂಡು ಓದಿದರೆ, ಮಾನ್ಯತೆಯ ಕಾಗದ ಸರಿ ಇದ್ದರೆ, ವ್ಯಾನಿನವರು ನಂಬಿಕಸ್ಥರಾದರೆ, ಯುಕೆಜಿಗೆ ಧೈರ್ಯವಾಗಿ ಸೇರಿಸಿ. ಅರ್ಜಿ ಕೊಟ್ಟ ದಿನ ಅದರ ಒಂದು ಪ್ರತಿಯ ಮೇಲೆ ಶಾಲೆಯ ಸೀಲು, ತಾರೀಕು ಹಾಕಿಸಿಕೊಳ್ಳಿ, ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ತೆಗೆದುಕೊಳ್ಳಿ. ಫಾದರೋ ಹೆಡ್ ಮಿಸ್ಸೋ ಮೇ ತಿಂಗಳಲ್ಲಿ ಬದಲಾದರೆ, ಶಾಲೆ ಶುರುವಾಗುವ ಮೊದಲೇ ಹೋಗಿ ಹೊಸಬರಿಗೆ ಕಂತಿನ ಒಪ್ಪಂದವನ್ನು ತೋರಿಸಿ ಬನ್ನಿ.